ಮುಚ್ಚಳ ಇಟ್ಟುಕೊಂಡು ಡಬ್ಬಿ ಬಿಸಾಕುವವರಿಗೆ

ಸಂಪಾದಕರೇ,

ವಿಕ್ಟೋರಿಯಾ ರಾಣಿ ಕಾಲದ ಟೂತ್‌ಪೇಸ್ಟ್ ಮುಚ್ಚಳಗಳನ್ನು ಕಂಡರೆ ನನಗೂ ಆಸೆಯೇ. ಆಗ ಪೇಸ್ಟ್ ಬರುತ್ತಿದ್ದದ್ದು ಪುಟ್ಟ ಪಿಂಗಾಣಿ ಡಬ್ಬಿಯಲ್ಲಿ. ಟ್ಯೂಬು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಇಂಗ್ಲೆಂಡಿನ ಹಳೇ ಕಸದ ಗುಂಡಿಗಳನ್ನು ಅಗೆದರೆ, ಥೇಮ್ಸ್ ನದಿಯ ಕೆಸರು ಕೆದಕಿದರೆ ಆ ಮುಚ್ಚಳಗಳು ಈಗಲೂ ಸಿಗುತ್ತವೆ. ಜಾನ್ ಗಾಸ್ನೆಲ್ ಕಂಪನಿಯ ಚೆರ್ರಿ ಟೂತ್‌ಪೇಸ್ಟಿನ ಮುಚ್ಚಳದ ಮೇಲಂತೂ ರಾಣಿಯದ್ದೇ ಚಿತ್ರ! ಇನ್ನು ಕೆಲವದರ ಮೇಲೆ ದೊಡ್ಡದಾಗಿ 'ಅಡಿಕೆ ಟೂತ್‌ಪೇಸ್ಟ್' ಅಂತ ಬರೆದಿರುತ್ತದೆ. ಅಡಿಕೆ ಅಗಿದು ಹಲ್ಲು ಕರೆಗಟ್ಟಿದವರನ್ನು ನೋಡಿದ ನಮಗೆ ನಗು ಬರದೇ ಇರುತ್ತದಾ?

ಆದರೆ ನನ್ನ ತಕರಾರು ಬೇರೆ. ಅಗೆಯುವವರು ಅಂದದ ಮುಚ್ಚಳ ಎತ್ತಿಕೊಳ್ಳುತ್ತಾರೆ, ಏನೂ ಬರೆಯದ ಬೋಳು ಡಬ್ಬಿಯನ್ನು ಅಲ್ಲೇ ಬಿಡುತ್ತಾರೆ. ಮುಚ್ಚಳ ಅಂದರೆ ಜಾಹೀರಾತು ಅಷ್ಟೇ. ಅಂಗಡಿಯವನು ಏನು ಮಾರಬೇಕೆಂದಿದ್ದ ಅನ್ನುವುದು ಅದರಿಂದ ಗೊತ್ತಾಗುತ್ತದೆ, ಮನೆಯವರು ಅದನ್ನು ಏನು ಮಾಡಿದರು ಅನ್ನುವುದು ಗೊತ್ತಾಗುವುದಿಲ್ಲ.

ಅದೇ ಗುಂಡಿಯಲ್ಲಿ ಸಿಗುವ ಹಲ್ಲುಜ್ಜುವ ಬ್ರಷ್ ನೋಡಿ. ದನದ ಮೂಳೆಯ ಹಿಡಿ, ತುದಿಯಲ್ಲಿ ಸಾಲು ಸಾಲು ತೂತು. ಹಂದಿಯ ಕೂದಲು ಯಾವತ್ತೋ ಕೊಳೆತು ಹೋಗಿರುತ್ತದೆ, ಅದನ್ನು ಬಿಗಿದಿದ್ದ ತಂತಿಯ ಹಸಿರು ಕಲೆ ಮಾತ್ರ ಕೆಲವದರಲ್ಲಿ ತೂತಿನ ಸುತ್ತ ಹಾಗೇ ಉಳಿದಿರುತ್ತದೆ. ಒಂದು ಮನೆಯ ಗುಂಡಿಯಲ್ಲಿ ಇಂಥವು ಎಷ್ಟಿದ್ದವು, ಒಂದಾ, ಆರಾ? ಜೊತೆಗೆ ಬಿದ್ದಿದ್ದ ತಟ್ಟೆ ಅಗ್ಗದ್ದಾ, ದುಬಾರಿಯದಾ, ಪಕ್ಕದಲ್ಲಿ ಔಷಧಿ ಬಾಟಲಿಗಳು ಜಾಸ್ತಿ ಇದ್ದವಾ? ಆ ಮನೆಯವರು ಹೇಗೆ ಬದುಕಿದರು ಅಂತ ಸ್ವಲ್ಪವಾದರೂ ತಿಳಿಯುವುದು ಇದರಿಂದ. ಮುಚ್ಚಳವನ್ನು ಒಂದೇ ಒಂದು ಕಿತ್ತು ತಂದು ಗಾಜಿನ ಕಪಾಟಿನಲ್ಲಿ ಇಟ್ಟರೆ ಅದು ಸುಮ್ನೆ ಒಂದು ಚೆಂದದ ಬಿಲ್ಲೆ.

ಥೇಮ್ಸ್ ದಡದಲ್ಲಿ ಹುಡುಕಲು ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಬೇಕು, ಮುನ್ನೂರು ವರ್ಷಕ್ಕಿಂತ ಹಳೆಯದು ಸಿಕ್ಕರೆ ವರದಿ ಮಾಡಬೇಕು. ಸರಿ. ಆದರೆ ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೇ 1837ರಲ್ಲಿ, ಲೆಕ್ಕ ಹಾಕಿ! ಆ ಕಾಲದ ಸಾಮಾನೆಲ್ಲ ಈ ನಿಯಮದ ಹೊರಗೇ ಉಳಿಯುತ್ತದೆ. ಎಲ್ಲಿ ಸಿಕ್ಕಿತು, ಪಕ್ಕದಲ್ಲಿ ಏನಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಲು ಐದು ನಿಮಿಷ ಸಾಕು. ಆ ಬೋಳು ಡಬ್ಬಿಯನ್ನೂ ತನ್ನಿ, ತೊಳೆಯುವ ಮುಂಚೆ ಒಳಗೊಮ್ಮೆ ನೋಡಿ, ತಳದಲ್ಲಿ ಪೇಸ್ಟ್ ಅಂಟಿಕೊಂಡಿದ್ದರೂ ಇರಬಹುದು.

- ಒಬ್ಬ ಓದುಗ