ಟಿಕೆಟ್‌ನ ಪೂರ್ತಿ ದರ ಮೊದಲೇ ಕಾಣಲಿ

ಮಾನ್ಯರೇ,

ಆನ್‌ಲೈನ್‌ನಲ್ಲಿ ಸಿನಿಮಾ ಟಿಕೆಟ್ ಮಾರುವ ಕೆಲವು ಆ್ಯಪ್‌ಗಳು ಪೂರ್ತಿ ದರವನ್ನು ಕೊನೆಯವರೆಗೂ ಮುಚ್ಚಿಡುತ್ತಿವೆ. ಸೀಟು ಆರಿಸುವಾಗ 200 ರೂಪಾಯಿ ಎಂದಿರುತ್ತದೆ. ಹಣ ಕಟ್ಟುವ ಪುಟಕ್ಕೆ ಬಂದರೆ ಕನ್ವೀನಿಯನ್ಸ್ ಫೀ, ಅದರ ಮೇಲೆ ಜಿಎಸ್‌ಟಿ, ಸಾಲದ್ದಕ್ಕೆ ನಾವು ಕೇಳದಿದ್ದರೂ ಟಿಕ್ ಆಗಿಯೇ ಇರುವ ದೇಣಿಗೆ! ಅಷ್ಟರಲ್ಲಿ ಮನೆಯವರೆಲ್ಲ ಹೊರಟು ನಿಂತಿರುತ್ತಾರೆ. ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಇಂಥ 13 ಬಗೆಯ ಚಾಲಾಕಿತನಗಳಿಗೆ ನಿಷೇಧ ಹೇರಿದೆ. ಶುಲ್ಕವನ್ನು ಮೊದಲು ಮರೆಮಾಚುವುದೂ, ಕೇಳದ್ದನ್ನು ಬಿಲ್ಲಿಗೆ ಸೇರಿಸುವುದೂ ಆ ಪಟ್ಟಿಯಲ್ಲಿವೆ. ಆದರೆ ಇಪ್ಪತ್ತು–ಮೂವತ್ತು ರೂಪಾಯಿಗೆ ಸುಮ್ನೆ ಯಾಕೆ ದೂರು ಎಂದು ಜನ ಬಿಟ್ಟುಬಿಡುತ್ತಾರೆ. ಹಾಗಾಗಿ ಮೊದಲ ಪುಟದಲ್ಲೇ ಒಟ್ಟು ಮೊತ್ತವನ್ನೂ, ಹಣ ಕಟ್ಟುವ ಪುಟದಲ್ಲಿ 1915 ಗ್ರಾಹಕ ಸಹಾಯವಾಣಿ ಸಂಖ್ಯೆಯನ್ನೂ ತೋರಿಸುವುದನ್ನು ಸರ್ಕಾರ ಕಡ್ಡಾಯ ಮಾಡಲಿ.

– ಒಬ್ಬ ಗ್ರಾಹಕ, ಮೈಸೂರು