ಧರೆ ಕಡಿಯೋದು ಬೇಡ ಅಂದವರಿಗೆ

ನಮ್ಮ ಹೊಸ ಮನೆಯ ಆರ್ಕಿಟೆಕ್ಟ್ ಮೇಡಂಗೆ, ಕೈ ಜೋಡಿಸಿದ ಎಲ್ಲರಿಗೂ ಥ್ಯಾಂಕ್ಸ್ ಹೇಳುವ ಈ ಪತ್ರವನ್ನು ಗೃಹಪ್ರವೇಶ ಆದ ವಾರವೇ ಬರೆಯಬೇಕಿತ್ತು. ಒಂದು ಮಳೆಗಾಲ ಕಳೆಯಲಿ ಅಂತ ಕಾದೆ. ಮಲೆನಾಡಿನಲ್ಲಿ ಮನೆ ಹೇಗಿದೆ ಅಂತ ಹೇಳಬೇಕಾದ್ದು ಮಳೆ ತಾನೇ? ಈಗ ಆರಿದ್ರಾ, ಪುನರ್ವಸು, ಪುಷ್ಯ, ಅಸಲೆ ಎಲ್ಲಾ ಸುರಿದು ಹೋಗಿವೆ. ಇವತ್ತು ಅಂಗಳದಲ್ಲಿ ಬಿಸಿಲಿದೆ. ಮನೆಯೊಳಗೆ ಒಂದು ಗೋಡೆಗೂ ಪಾಚಿ ಹಿಡಿದಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆ ತಾಲ್ಲೂಕು. ಮೂರು ಎಕರೆ ಕಾಫಿ ತೋಟ ಯಜಮಾನರು ನೋಡಿಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಟೀಚರ್. 2019ರ ಆಗಸ್ಟ್ ಮಳೆ ಯಾರಿಗೂ ಮರೆತಿರಲಿಕ್ಕಿಲ್ಲ. ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಜಾರಿ ಬಂದವು. ಅಲ್ಲಿಯವರು ಕಳೆದುಕೊಂಡಿದ್ದರ ಮುಂದೆ ನಮ್ಮದು ಸಣ್ಣದು. ನಮ್ಮ ಹಿತ್ತಲಿನ ಧರೆ, ಅಂದರೆ ಮನೆ ಹಿಂದಿನ ಎತ್ತರದ ಮಣ್ಣಿನ ದಿಬ್ಬ, ಕುಸಿದು ಅಡುಗೆಮನೆಯ ಮಣ್ಣಿನ ಗೋಡೆ ಒಳಗೆ ಮಲಗಿತು. ಐದು ನಿಮಿಷ ಮುಂಚೆ ಅತ್ತೆ ಅಲ್ಲೇ ಒಲೆ ಮುಂದೆ ಕೂತಿದ್ದರು. ಹೇಳಲೇಬೇಕಾದ ಮಾತು ಇನ್ನೊಂದಿದೆ. ಅದಕ್ಕೂ ಕೆಲವು ವರ್ಷ ಹಿಂದೆ ಅಡುಗೆಮನೆ ದೊಡ್ಡದು ಮಾಡೋಕೆ ಅಂತ ಆ ಧರೆಯನ್ನು ನೆಟ್ಟಗೆ ಕಡಿಸಿದ್ದು ನಾವೇ.

ಆಮೇಲೆ ಐದು ವರ್ಷಕ್ಕೂ ಜಾಸ್ತಿ ಮೂಡಿಗೆರೆಯಲ್ಲಿ ಬಾಡಿಗೆ ಮನೆ. ಆ ಮನೆಯ ಓನರ್ ಅಜ್ಜಿ ಮೊದಲ ಮೂರು ತಿಂಗಳು ಬಾಡಿಗೆ ಮುಟ್ಟಲಿಲ್ಲ. ಅಡ್ವಾನ್ಸ್ ಮಾತೇ ಎತ್ತಲಿಲ್ಲ. ಅಜ್ಜಿ, ನಿಮ್ಮ ಋಣ ದೊಡ್ಡದು.

ಹೊಸ ಮನೆ ಅಂದಾಗ ನಮ್ಮ ತಲೆಯಲ್ಲಿದ್ದದ್ದು ಎಲ್ಲರ ತಲೆಯಲ್ಲಿರುವುದೇ. ಜೆಸಿಬಿ ತರಿಸಿ ಜಾಗ ಸಮ ಮಾಡುವುದು, ಮೇಲೆ ಮೋಲ್ಡ್ ಅಂದರೆ ಕಾಂಕ್ರೀಟ್ ತಾರಸಿ, ಮುಂದೆ ದೊಡ್ಡ ಗಾಜು. ಇಂಜಿನಿಯರ್ ಹತ್ತಿರ ಪ್ಲಾನ್ ಬರೆಸಿದರೆ ಸಾಕು, ಆರ್ಕಿಟೆಕ್ಟ್ ಫೀಸು ದಂಡ ಅಂದವರೇ ಹೆಚ್ಚು. ನನ್ನ ಸಹೋದ್ಯೋಗಿಯೊಬ್ಬರು ಹಾಸನದ ಒಬ್ಬ ಆರ್ಕಿಟೆಕ್ಟ್ ಮೇಡಂ ನಂಬರ್ ಕೊಟ್ಟರು. ಐದು ವರ್ಷ ಓದಿ, 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಬೇಸಿಗೆಯಲ್ಲಿ ಬಂದು ಜಾಗ ನೋಡಿ ಅಂದೆವು. "ಬೇಡ, ಜುಲೈಯಲ್ಲಿ ಬರ್ತೀನಿ" ಅಂದರು. 2022ರ ಜುಲೈಯಲ್ಲಿ, ಹೊಡೆಯುವ ಮಳೆಯಲ್ಲಿ ಬಂದರು. ಗಮ್‌ಬೂಟು, ಕೊಡೆ, ಕೈಯಲ್ಲಿ ಒಂದು ಕಟ್ಟು ಗೂಟ. ಎರಡು ಗಂಟೆ ಮಾತೇ ಇಲ್ಲ. ಮೇಲಿನ ತೋಟದಿಂದ ನೀರು ಎಲ್ಲಿ ಇಳಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನೋಡುತ್ತಾ ಗೂಟ ನೆಡುತ್ತಾ ಹೋದರು. ಕಾಲಿಗೆ ಹತ್ತಿದ ಇಂಬಳ ಕಿತ್ತುಹಾಕುತ್ತಾ ಅತ್ತೆಯನ್ನು ಕೇಳಿದರು: "ಅಮ್ಮಾ, ನೀವು ಮದುವೆಯಾಗಿ ಬಂದಾಗ ನೀರು ಹೀಗೇ ಹರೀತಿತ್ತಾ?" ಅತ್ತೆ ಛತ್ರಿ ಹಿಡಿದು ತಾವೇ ಮುಂದೆ ನಡೆದರು. ಹಳೆಯ ಬಸಿಗಾಲುವೆ ಎಲ್ಲಿತ್ತು, ನಾವು ಯಾವಾಗ ಮುಚ್ಚಿದೆವು, ಎಲ್ಲಾ ತೋರಿಸಿದರು. "ನೀರಿಗೆ ದಾರಿ ಬಿಡ್ಬೇಕು ಮಗಾ" ಅಂದರು. ನಮ್ಮ ಮನೆಯ ಪ್ಲಾನ್ ಶುರುವಾಗಿದ್ದು ಆ ದಿನ.

ಮೇಡಂ ಹೇಳಿದ ಮೊದಲ ಮಾತೇ "ಧರೆ ಕಡಿಯೋದು ಬೇಡ". ಯಜಮಾನರು ಒಪ್ಪಲಿಲ್ಲ. ಐವತ್ತು ಅಡಿಗೆ ಏಳು ಅಡಿ ಇಳಿಜಾರು, ಅದರ ಮೇಲೆ ಮನೆ ಹೇಗೆ ಅಂತ ಎರಡು ತಿಂಗಳು ವಾದ ಮಾಡಿದರು. ಮೇಡಂ ಒಮ್ಮೆಯೂ ಸಿಡುಕಲಿಲ್ಲ, ಬಗ್ಗಲೂ ಇಲ್ಲ. ರಟ್ಟಿನಲ್ಲಿ ಒಂದು ಪುಟ್ಟ ಮನೆ ಮಾಡಿ ತಂದು ಊಟದ ಮೇಜಿನ ಮೇಲೆ ಇಟ್ಟರು. ಗುಡ್ಡ ಹೇಗೆ ಇಳಿಯುತ್ತದೋ ಮನೆಯೂ ಹಾಗೇ ಮೂರು ಹಂತದಲ್ಲಿ ಇಳಿಯುತ್ತಿತ್ತು. ಹಂತಕ್ಕೆ ಐದೈದು ಮೆಟ್ಟಿಲು. ಮಂಡಿನೋವಿನ ಅತ್ತೆ ಗತಿ ಏನು ಅಂತ ನಾನು ಕೇಳಿದೆ. ಜಗಲಿ, ಅಡುಗೆಮನೆ, ದೇವರ ಗೂಡು, ಅತ್ತೆಯ ಕೋಣೆ, ಬಚ್ಚಲು ಅಷ್ಟೂ ಒಂದೇ ಮಟ್ಟದಲ್ಲಿದ್ದವು. ಅವರು ಒಂದೂ ಮೆಟ್ಟಿಲು ಹತ್ತಬೇಕಿಲ್ಲ. ಮೆಟ್ಟಿಲೆಲ್ಲ ನಮಗೆ, ಮಗಳಿಗೆ. ಅದನ್ನು ನೋಡಿ ಅತ್ತೆ ರಟ್ಟಿನ ಮನೆಯ ಸೂರು ಸವರಿದರು. ಯಜಮಾನರು ಆ ರಾತ್ರಿ ಒಪ್ಪಿದರು.

ಇನ್ನೂ ಎಷ್ಟೋ ಕಡೆ ಬೇಡ ಅಂದರು. ಪಡುವಣಕ್ಕೆ ಗಾಜು ಬೇಡ, ನಮ್ಮಲ್ಲಿ ಮಳೆ ಬಂದು ಬಡಿಯುವುದೇ ಆ ಕಡೆಯಿಂದ. ಹಿಂದೆ ಅತ್ತೆ ಮಾವ ಆ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ಈಗ ಆ ಕಡೆ ಉಗ್ರಾಣ, ಸೌದೆ ಮನೆ, ಬಚ್ಚಲು. ದೊಡ್ಡ ಕಿಟಕಿಗಳೆಲ್ಲ ಮೂಡಣಕ್ಕೆ. ಚಪ್ಪಟೆ ಮೋಲ್ಡೂ ಬೇಡ. ಮೋಲ್ಡ್ ಹಾಕಿ, ಸೋರಿ, ಆಮೇಲೆ ಅದರ ಮೇಲೆ ಶೀಟು ಹೊದಿಸಿದ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ? ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಮಂಗಳೂರು ಹೆಂಚು, ಗೋಡೆಯಿಂದ ನಾಲ್ಕು ಅಡಿ ಆಚೆ ಚಾಚಿದ ಸೂರು. ಬಿದ್ದ ಮನೆಯ ಹೆಂಚುಗಳಲ್ಲಿ ಸಾವಿರದಷ್ಟು ಗಟ್ಟಿ ಇದ್ದವು. ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, ಸುಮಾರು 140 ಹೆಂಚು ಬೇಕು. ಜಗಲಿ, ಅಡುಗೆಮನೆ, ಅತ್ತೆಯ ಕೋಣೆ ಮೇಲೆ ಅವೇ ಕೂತಿವೆ. ಮಗಳು ಮತ್ತು ಅವಳ ಗೆಳತಿಯರು ಒಂದೊಂದೇ ಹೆಂಚು ಉಜ್ಜಿ ತೊಳೆದರು. ಮಕ್ಕಳೇ, ನಿಮಗೂ ಥ್ಯಾಂಕ್ಸ್.

ಮಧ್ಯೆ ಮೊದಲ ಗುತ್ತಿಗೆದಾರರು ಅಡ್ವಾನ್ಸ್ ತೆಗೆದುಕೊಂಡು ಪಾಯದ ಹಂತದಲ್ಲೇ ಬಿಟ್ಟು ಹೋದರು. ಏಳು ತಿಂಗಳು ಕೆಲಸ ನಿಂತಿತು. ಆ ಮಾತು ಇಲ್ಲಿ ಬೇಡ. ಆಗ ಕೈ ಹಿಡಿದ ಮೇಸ್ತ್ರಿಯಣ್ಣನ ಮಾತು ಬೇಕು. ಲೆವೆಲ್ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುತ್ತಿದ್ದ ಅವರ ತಾಳ್ಮೆ ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ ಅನ್ನೋದು ಪಾಠದಲ್ಲಿರುವ ವಿಷಯವೇ ಅಲ್ವಾ? ಹಿತ್ತಲ ತಡೆಗೋಡೆ ಕಟ್ಟುವಾಗ ಅಲ್ಲಲ್ಲಿ ಪೈಪಿನ ತುಂಡು ಇಡಿ ಅಂತ ಮೇಡಂ ಹೇಳಿದ್ದರು. ಗೋಡೆಯ ಹಿಂದೆ ನಿಂತ ನೀರೇ ಗೋಡೆಯನ್ನು ದೂಡುತ್ತದೆ, ಅದಕ್ಕೆ ಹೊರಗೆ ಬರಲು ದಾರಿ ಬೇಕು. ಮೇಡಂ ಹೇಳಿದ್ದಕ್ಕಿಂತ ಅಣ್ಣ ಒಂದು ಸಾಲು ಹೆಚ್ಚೇ ಇಟ್ಟರು. ಗೋಡೆಯ ಹಿಂದೆ ಜಲ್ಲಿ ತುಂಬುವಾಗ ತಾವೇ ನಿಂತು ನೋಡಿದರು. ಕಾಂಕ್ರೀಟಿಗೆ ನೀರು ಹಾಕಲು ಬೆಳಗ್ಗೆ ಆರಕ್ಕೇ ಬರುತ್ತಿದ್ದ ಅಕ್ಕಂದಿರಿಗೂ ನಾವು ಋಣಿ.

2024ರ ಜುಲೈಯಲ್ಲಿ ಗೋಡೆ ಎದ್ದಿತ್ತು, ಹೆಂಚು ಇನ್ನೂ ಹೊದಿಸಿರಲಿಲ್ಲ. 16ಕ್ಕೆ ಅಂಕೋಲಾದ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಬಿತ್ತು. 30ಕ್ಕೆ ವಯನಾಡು. ಟಿವಿ ನೋಡುತ್ತಾ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಯಜಮಾನರು ಬೈಕ್ ತೆಗೆದುಕೊಂಡು ಜಾಗಕ್ಕೆ ಹೋದರು. ಮತ್ತೆ ತೋಡಿಸಿದ ಬಸಿಗಾಲುವೆಯಲ್ಲಿ ನೀರು ಮನೆಯನ್ನು ಬಳಸಿ ಹಳ್ಳಕ್ಕೆ ಹೋಗುತ್ತಿತ್ತು. ಧರೆ ಮೇಲೆ ನೆಟ್ಟ ಲಾವಂಚ ಬೇರು ಬಿಟ್ಟಿತ್ತು. ತಡೆಗೋಡೆಯ ಪ್ರತಿ ಪೈಪಿನಿಂದಲೂ ನೀರು ಸುರಿಯುತ್ತಿತ್ತು. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದರು. "ನಾನು ತಪ್ಪು, ನೀವು ಸರಿ" ಅಂದರಂತೆ. ಇದನ್ನು ಬರೆಯಲು ಅವರೇ ಹೇಳಿದ್ದಾರೆ.

ಈ ವರ್ಷ ಫೆಬ್ರವರಿಯಲ್ಲಿ ಗೃಹಪ್ರವೇಶ. ಹದಿನಾಲ್ಕು ಚದರದ ಮನೆ, ಕಾವಿ ನೆಲ. ಹಿಂದಿನ ಐದು ವರ್ಷವೂ ರಾತ್ರಿ ಮಳೆ ಜೋರಾದರೆ ಅತ್ತೆ ಎದ್ದು, ಟಾರ್ಚ್ ಹಿಡಿದು ಮಂಚದ ಮೇಲೆ ಕೂರುತ್ತಿದ್ದರು. ಪಟ್ಟಣದ ಬಾಡಿಗೆ ಮನೆಯಲ್ಲೂ ಅಷ್ಟೇ, ಅಲ್ಲಿ ಧರೆಯೇ ಇರಲಿಲ್ಲ. ನಾನೂ ಎದ್ದು ಪಕ್ಕದಲ್ಲಿ ಕೂರುತ್ತಿದ್ದೆ. ಈ ಸಲ ಅಸಲೆ ಮಳೆ ಇಡೀ ರಾತ್ರಿ ಹೊಡೆಯಿತು. ಮೂರು ಗಂಟೆಗೆ ಎಚ್ಚರಾಗಿ ಹೋಗಿ ನೋಡಿದೆ. ಕಂಬಳಿ ಹೊದ್ದು ಮಲಗಿದ್ದರು. ಟಾರ್ಚ್ ಮೊಳೆಗೆ ನೇತಾಡುತ್ತಿತ್ತು. ನಾನು ಬಾಗಿಲ ಹತ್ತಿರ ಸುಮ್ನೆ ನಿಂತೆ, ಅಳು ಬಂತು.

ಮೇಡಂ, ಕೊನೆಯ ಕಂತಿನ ಫೀಸನ್ನು ಎರಡು ಸಲ ಮುಂದಕ್ಕೆ ಹಾಕಿದಿರಿ, ಕಾಫಿ ಮಾರಿದ ಮೇಲೆ ಕೊಡಿ ಅಂದಿರಿ. ಹಾಸನದಿಂದ ಎಷ್ಟು ಸಲ ಬಂದು ಹೋದಿರೋ ಲೆಕ್ಕ ಇಟ್ಟಿಲ್ಲ. ನಿಮಗೆ ನಮ್ಮ ಮನೆಯವರೆಲ್ಲರ ಕೈಮುಗಿದ ನಮಸ್ಕಾರ. ಕೆಳಗಿನ ಮೆಟ್ಟಿಲ ಪಕ್ಕದ ಹಿಡಿಕೆ ಇನ್ನೂ ಬಾಕಿ ಇದೆ. ಮರದ್ದಾ ಕಬ್ಬಿಣದ್ದಾ ನೀವೇ ಬಂದು ಹೇಳಬೇಕು. ದಸರಾ ರಜೆಯಲ್ಲಿ ಬನ್ನಿ, ಎರಡು ದಿನ ಇದ್ದು ಹೋಗಿ. ಕಳಲೆ ಉಪ್ಪಿನಕಾಯಿ ಅತ್ತೆ ಆಗಲೇ ಒಂದು ಭರಣಿ ನಿಮಗೆ ಅಂತ ತೆಗೆದಿಟ್ಟಿದ್ದಾರೆ.