ಆಪ್ಷನ್ ಎಂಟ್ರಿಗೆ ಮುಂಚೆ ಕಾಲೇಜು ನೋಡಲು ಹೊರಟ ಗೆಳೆಯನಿಗೆ

ಪ್ರಿಯ ಮಂಜು,

ಮಗಳ ಸಿಇಟಿ ಮುಗಿಯಿತು, ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವುದಕ್ಕೆ ಮುಂಚೆ, ಒಂದು ಭಾನುವಾರ ಹಾಸನದಿಂದ ಬಂದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲ ನೋಡಿಬಿಡುತ್ತೇವೆ ಎಂದು ಬರೆದಿದ್ದೀಯ. ಮೊದಲು ಆ ಭಾನುವಾರವನ್ನು ಬಿಡು. ರಜಾದಿನ ಕಾಣಸಿಗುವುದು ಗೇಟು, ಕಾರಂಜಿ, ಸೆಕ್ಯುರಿಟಿಯವರು ಅಷ್ಟೇ. ಕಾಲೇಜಿನ ವೆಬ್‌ಸೈಟಿನಲ್ಲಿ ‘ಕ್ಯಾಲೆಂಡರ್ ಆಫ್ ಈವೆಂಟ್ಸ್’ ಹುಡುಕಿ, ಪಾಠ ನಡೆಯುವ ದಿನ ಯಾವುದೆಂದು ನೋಡಿಕೊಂಡು ಬಾ. ಸೆಮಿಸ್ಟರ್ ಪರೀಕ್ಷೆ ಶುರುವಾದರೆ ಲ್ಯಾಬಿಗೆ ಬಿಡುವುದಿಲ್ಲ, ಹುಡುಗರೂ ಮಾತಿಗೆ ಸಿಗುವುದಿಲ್ಲ. ಹಾಗಾಗಿ ರ‍್ಯಾಂಕ್ ಬಂದಮೇಲೆ ಹೊರಡೋಣ ಎಂದು ಕೂರಬೇಡ.

ದಿನಕ್ಕೆ ಎರಡು ಕಾಲೇಜು ಸಾಕು, ಅದೂ ಅಕ್ಕಪಕ್ಕದ್ದು. ಬಸವನಗುಡಿಯ ಬಿಎಂಎಸ್ಸಿಗೂ ವಿ.ವಿ. ಪುರದ ಬಿಐಟಿಗೂ ಒಂದೇ ದಿನ ಹೋಗಬಹುದು. ಮೈಸೂರು ರಸ್ತೆಯ ಆರ್.ವಿ. ನೋಡಿಕೊಂಡು ಮಧ್ಯಾಹ್ನದೊಳಗೆ ಮತ್ತಿಕೆರೆ ಕಡೆಯ ರಾಮಯ್ಯಕ್ಕೂ ಹೋಗುತ್ತೇನೆ ಎಂದು ಹೊರಟರೆ ಟ್ರಾಫಿಕ್ ನೋಡಿಕೊಂಡು ಊರಿಗೆ ಮರಳುತ್ತೀಯ.

ಯಾವ ಕಾಲೇಜಿಗೆ ಹೋಗಬೇಕೆಂದು ತೀರ್ಮಾನಿಸಲು, ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಿಂದ ಹಿಂದಿನ ವರ್ಷಗಳ ಕಟ್ ಆಫ್ ರ‍್ಯಾಂಕ್ ಪಟ್ಟಿ ತೆಗೆದುಕೋ. ಯಾವ ಸೀಟು ಕೊನೆಗೆ ಎಷ್ಟನೇ ರ‍್ಯಾಂಕಿನವರಿಗೆ ಸಿಕ್ಕಿತೆಂದು ಅದರಲ್ಲಿರುತ್ತದೆ. ಎಲ್ಲರೂ ಎಡವುವುದು ಮೀಸಲಾತಿ ವರ್ಗದ ಕೋಡಿನಲ್ಲಿ. ಜಿಎಂ (ಜನರಲ್ ಮೆರಿಟ್) ಬೇರೆ, ಜಿಎಂಆರ್ ಬೇರೆ. 2ಎ ವರ್ಗದೊಳಗೂ 2ಎಜಿ, 2ಎಆರ್, 2ಎಕೆ ಒಂದೊಂದೂ ಬೇರೆ ಸಾಲು. ಕೊನೆಯ ಜಿ ಎಂದರೆ ಆ ವರ್ಗದ ಸಾಮಾನ್ಯ ಸೀಟು, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಮಗಳಿಗೆ ಯಾವ ಸಾಲು ಸಲ್ಲುತ್ತದೋ ಅದನ್ನೇ ನೋಡು. ಪಿಯುಸಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕವಾದ್ದರಿಂದ ಬರೀ ಸಿಇಟಿ ಅಂಕ ಹಿಡಿದು ರ‍್ಯಾಂಕ್ ಊಹಿಸಬೇಡ.

ಕಾಲೇಜಿಗೆ ಕಾಲಿಟ್ಟಮೇಲೆ ಅಡ್ಮಿಷನ್ ಆಫೀಸಿನವರು ಆಡಿಟೋರಿಯಂ, ಹೊಸ ಬ್ಲಾಕು, ಎಸಿ ಸೆಮಿನಾರ್ ಹಾಲು ತೋರಿಸುತ್ತಾರೆ. ತೋರಿಸಲಿ, ನೋಡು. ಆಮೇಲೆ ಮಗಳು ಸೇರಬೇಕೆಂದಿರುವ ವಿಭಾಗಕ್ಕೇ ಹೋಗಿ ಎಚ್‌ಒಡಿ (ಮುಖ್ಯಸ್ಥರ) ಕಚೇರಿಯಲ್ಲಿ ಕೇಳಿಕೊಂಡು ಲ್ಯಾಬ್ ನೋಡು. ಲ್ಯಾಬಿನ ಬಾಗಿಲಲ್ಲೇ ವೇಳಾಪಟ್ಟಿ ಅಂಟಿಸಿರುತ್ತಾರೆ. ಒಂದು ಬ್ಯಾಚಿಗೆ ಎಷ್ಟು ಮಂದಿ, ಒಂದು ಕಿಟ್ ಮುಂದೆ ಎಷ್ಟು ಮಂದಿ ಎಂದು ಕೇಳು. ಇಬ್ಬರಾದರೆ ಸರಿ. ನಾಲ್ವರಾದರೆ ಒಬ್ಬ ಮಾಡುತ್ತಾನೆ, ಮೂವರು ರೆಕಾರ್ಡ್ ಬರೆಯುತ್ತಾರೆ. ಉಪಕರಣ ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ಚಾಲೂ ಇವೆ ಎನ್ನುವುದು ಮುಖ್ಯ. ಧೂಳಿನ ಕವರ್ ತೆಗೆಯದ ಮೆಷಿನ್ನು, ತಿಂಗಳುಗಟ್ಟಲೆ ಸಹಿಯಿಲ್ಲದ ಲಾಗ್ ಬುಕ್ಕು ಕಂಡರೆ ಬೇರೆ ಸಾಕ್ಷಿ ಬೇಡ. ಲೈಬ್ರರಿಯಲ್ಲೂ ಹಾಗೇ. ತಾರೀಕು ಸೀಲು ಹಾಕುವ ಪದ್ಧತಿ ಇನ್ನೂ ಇದ್ದರೆ ಪುಸ್ತಕದ ಹಿಂದಿನ ಚೀಟಿ ನೋಡು. ಪುಸ್ತಕ ಓಡಾಡುತ್ತಿದೆಯೋ ಶೆಲ್ಫಿಗೇ ಅಂಟಿದೆಯೋ ಗೊತ್ತಾಗುತ್ತದೆ.

ಅಧ್ಯಾಪಕರ ಲೆಕ್ಕ ನೀನೇ ಹಾಕಬಹುದು. 60 ಸೀಟಿನ ಒಂದು ಸೆಕ್ಷನ್ನಿಗೆ ನಾಲ್ಕು ವರ್ಷದವರು ಸೇರಿ 240 ವಿದ್ಯಾರ್ಥಿಗಳು. 20 ಮಂದಿಗೆ ಒಬ್ಬರೆಂದರೆ 12 ಅಧ್ಯಾಪಕರು ಬೇಕು. ವೆಬ್‌ಸೈಟಿನ ಹೆಸರುಗಳನ್ನು ವಿಭಾಗದ ಟೈಮ್ ಟೇಬಲಿನ ಜೊತೆ ತಾಳೆ ನೋಡು. ಪ್ರವೇಶ ಸಂಖ್ಯೆಗಿದ್ದ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ 2024-25ರಿಂದ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸಿನ ಸೆಕ್ಷನ್ನುಗಳು ಕೆಲವೆಡೆ ಬೆಳೆಯುತ್ತಲೇ ಇವೆ. ಕೊಠಡಿ, ಲ್ಯಾಬ್, ಮೇಷ್ಟ್ರು ಜೊತೆಗೇ ಬೆಳೆದಿದ್ದಾರೆಯೇ ಎನ್ನುವುದು ಈಗ ಕೇಳಲೇಬೇಕಾದ ಪ್ರಶ್ನೆ.

ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆಗಳು. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ‘ನಮ್ಮದು ಎನ್‌ಬಿಎ ಕಾಲೇಜು’ ಎಂದರೆ ಯಾವ ಬ್ರಾಂಚು, ಯಾವ ವರ್ಷದವರೆಗೆ ಎಂದು ಕೇಳು. ಎಐ-ಎಂಎಲ್‌ನಂಥ ಬ್ರಾಂಚು ಆ ಕಾಲೇಜಿನಲ್ಲಿ ಹೊಸದಾಗಿದ್ದರೆ ಎನ್‌ಬಿಎ ಇಲ್ಲದಿರುವುದು ದೋಷವಲ್ಲ. ಎರಡು ಬ್ಯಾಚಾದರೂ ಪಾಸಾಗಿ ಹೋಗದೆ ಅರ್ಜಿ ಹಾಕುವಂತಿಲ್ಲ.

ಪ್ಲೇಸ್‌ಮೆಂಟ್ ಫ್ಲೆಕ್ಸಿನ ಮುಂದೆ ನಿಂತು ಮರುಳಾಗಬೇಡ. ಅಲ್ಲಿರುವುದು ಅತಿ ದೊಡ್ಡ ಪ್ಯಾಕೇಜು, ಅದು ಒಬ್ಬನದು. ಬ್ರಾಂಚಿನಲ್ಲಿ ಎಷ್ಟು ಮಂದಿ ನೋಂದಾಯಿಸಿದ್ದರು, ಎಷ್ಟು ವಿದ್ಯಾರ್ಥಿಗಳಿಗೆ ಕೆಲಸ ಸಿಕ್ಕಿತು, ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಮಧ್ಯದವನ ಸಂಬಳ ಎಷ್ಟು, ಈ ಮೂರನ್ನು ಕೇಳು. ‘300 ಆಫರ್’ ಎಂದರೆ 300 ಮಂದಿಯಲ್ಲ. ಒಬ್ಬನಿಗೇ ಮೂರು ಸಿಕ್ಕಿರಬಹುದು.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಮೂರನೇ ವರ್ಷದವರ ಹತ್ತಿರ ಇನ್ನೊಮ್ಮೆ ಕೇಳಿಸು. ಕೇಳಬೇಕಾದವಳು ಮಗಳು, ನೀನಲ್ಲ. ಅಪ್ಪ ಪಕ್ಕದಲ್ಲಿ ನಿಂತರೆ ಅವರು ‘ಚೆನ್ನಾಗಿದೆ ಅಂಕಲ್’ ಎಂದು ಮುಗಿಸುತ್ತಾರೆ. ನೀನು ದೂರ ಕೂತು ಕಾಫಿ ಕುಡಿ.

ಹಾಸ್ಟೆಲಿನಲ್ಲಿ ನಲ್ಲಿ ತಿರುಗಿಸಿ ನೋಡು. ನೀರು ಬೋರ್‌ವೆಲ್ಲಿನದೋ ಟ್ಯಾಂಕರಿನದೋ, ಬೇಸಿಗೆಯಲ್ಲಿ ಏನು ಮಾಡುತ್ತಾರೆ, ಒಂದು ಬಚ್ಚಲಿಗೆ ಎಷ್ಟು ರೂಮು, ಫೀಸು ಹತ್ತು ತಿಂಗಳಿಗೋ ಹನ್ನೆರಡಕ್ಕೋ, ಮೊದಲ ವರ್ಷದ ಎಲ್ಲರಿಗೂ ರೂಮು ಸಿಗುತ್ತದೆಯೇ ಕೇಳು. ಬಿಟ್ಟರೆ ಮೆಸ್ಸಿನಲ್ಲೇ ಊಟ ಮಾಡಿ. ಪಿಜಿಯೋ ನೆಂಟರ ಮನೆಯೋ ಆದರೆ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದಲೇ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ನೋಡಿ. ಫೀಸಿನ ಬಗ್ಗೆ ಒಂದೇ ಮಾತು: ಕೆಇಎಗೆ ಕಟ್ಟುವುದರ ಹೊರತಾಗಿ ಕಾಲೇಜು ಬೇರೆ ಏನೇನು ಕಟ್ಟಿಸಿಕೊಳ್ಳುತ್ತದೆ, ಅದಕ್ಕೆ ರಸೀದಿ ಕೊಡುತ್ತದೆಯೇ ಎಂದು ಕೇಳಿ ಬರೆದುಕೋ.

ಬರೆದುಕೊಳ್ಳುವುದು ಅದೇ ದಿನ ಸಂಜೆ, ಬಸ್ಸಿನಲ್ಲೇ. ಮೂರನೇ ಕಾಲೇಜಿನ ಹೊತ್ತಿಗೆ ಯಾವ ಲ್ಯಾಬ್ ಎಲ್ಲಿಯದು ಎಂಬುದೇ ಕಲಸಿಹೋಗುತ್ತದೆ. ಈ ಟಿಪ್ಪಣಿ ಬೇಕಾಗುವುದು ಆಪ್ಷನ್ನುಗಳ ಕ್ರಮಕ್ಕೆ. ಸೀಟು ಹಂಚುವಾಗ ಪಟ್ಟಿಯ ಮೇಲಿನಿಂದ ನೋಡುತ್ತಾ ಬರುತ್ತಾರೆ, ಹಾಗಾಗಿ ಸಿಗಲಾರದು ಅನ್ನಿಸಿದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ನಷ್ಟವಾಗುವುದು ನೋಡದ ಕಾಲೇಜನ್ನು ಮೇಲೆ ಬರೆದಾಗ. ಸಿಕ್ಕ ಸೀಟು ಇಟ್ಟುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಪ್ರಯತ್ನಿಸುವ ‘ಚಾಯ್ಸ್ 2’ ಕೊಟ್ಟು ಮುಂದಿನ ಸುತ್ತಿಗೆ ಕಾದರೆ, ಮೇಲಿನದು ಸಿಕ್ಕ ಕೂಡಲೇ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ಮತ್ತೆ ಅದೇ ಬೇಕೆಂದರೆ ಸಿಗುವುದಿಲ್ಲ. ಸಿಕ್ಕರೂ ಸೇರುವುದಿಲ್ಲ ಅನ್ನಿಸಿದ ಕಾಲೇಜನ್ನು ಪಟ್ಟಿಗೇ ಸೇರಿಸಬೇಡ.

ಬರುವ ದಿನ ತಿಳಿಸು. ಮಗಳ ಹತ್ತಿರ ಗುರುತಿನ ಚೀಟಿ ಇರಲಿ, ಗೇಟಿನಲ್ಲಿ ಕೇಳುತ್ತಾರೆ.

ಇಂತಿ ನಿನ್ನ
ಗೆಳೆಯ